ತಾಯಿ ಕಡೆಯ ಕೆಂಡ

ಕಡೂರು
12-2-1986

ತರೀಕೆರೆಯ ಅತ್ತಿಗೆ ಮಲ್ಲಿಕಾಂಬ ಅವರಿಗೆ, ನಿಮ್ಮ ತಮ್ಮ ಬೆನಕಪ್ಪನ ಹೆಂಡತಿ ತೀರ್ಥಮ್ಮ ಬರೆಯುವುದು.

ಕ್ಷೇಮ ಸಮಾಚಾರ ಕೇಳುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಬರೆದರೆ ಸುಳ್ಳಾಗುತ್ತದೆ.

ನಿನ್ನೆ ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಬೀಸಿಸಲು ಜನ ನಿಂತಿದ್ದರು. ಅವರೆಲ್ಲರ ಎದುರಿಗೆ ಕಾಯಿ ವ್ಯಾಪಾರದ ಪುಟ್ಟಯ್ಯ ಬಂದು, "ತೀರ್ಥಮ್ಮೋರೇ, ತರೀಕೆರೆ ಸಾವ್ಕಾರ್ರು ಒಂದ್ ಮಾತು ಹೇಳ್ ಕಳ್ಸವ್ರೆ. ನಿಮ್ ಹುಡುಗೀಗೆ ಬ್ಯಾರೆ ಕಡೆ ಗಂಡು ನೋಡ್ಕೋಬೇಕಂತೆ" ಅಂದ.

"ಯಾಕಂತೋ?" ಎಂದೆ.

ಅವನು ನಿಮ್ಮ ತಮ್ಮನ ಕಡೆ ನೋಡಿ ಸ್ವರ ತಗ್ಗಿಸಿದ. "ಕಣ್ಣಿನ್ ವಿಚಾರ ಕಣವ್ವ. ವಂಶದಾಗೆ ಬತ್ತದಂತಲ್ಲ."

ಮಿಲ್ಲು ಗಡಗಡ ಸದ್ದು ಮಾಡುತ್ತಿತ್ತು. ಆದರೂ ಇವರಿಗೆ ಕೇಳಿಸಿತು. ಕಣ್ಣಿಲ್ಲದವರಿಗೆ ಕಿವಿಯೂ ಇರುವುದಿಲ್ಲ ಅಂದುಕೊಂಡಿದ್ದೀರಾ ನೀವೆಲ್ಲ? ಹಿಟ್ಟು ಬೀಳುವ ಕಡೆ ಒಡ್ಡಿದ್ದ ಅವರ ಕೈ ಹಾಗೇ ನಿಂತುಬಿಟ್ಟಿತು. ಆಮೇಲೆ ಊಟಕ್ಕೂ ಏಳಲಿಲ್ಲ.

ಅತ್ತಿಗೆ, ನಾನು ನಿಮ್ಮ ಮನೆ ಬಾಗಿಲಿಗೆ "ನಮ್ಮ ಹೆಣ್ಣು ತಗೊಳ್ಳಿ" ಅಂತ ಬಂದವಳಲ್ಲ. ಮಂಗಳನ ನಾಮಕರಣದ ದಿನ ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ "ಸರ್ವಮಂಗಳ" ಎಂದು ಹೆಸರು ಹೇಳಿದವರು ನೀವು. ಮೂರು ವರ್ಷದ ನಿಮ್ಮ ಚನ್ನವೀರನ ಕೈಯಿಂದ ತೊಟ್ಟಿಲೊಳಗೆ ಬಳೆ ಹಾಕಿಸಿ, "ಇದು ನನ್ ಸೊಸೆ ಕಣೇ, ಬ್ಯಾರೆಯೋರು ಕಣ್ ಹಾಕಂಗಿಲ್ಲ" ಎಂದವರೂ ನೀವು. ಆಗ ನಿಮ್ಮ ತಮ್ಮನಿಗೆ ಕಣ್ಣಿತ್ತು. ಎರಡು ವರ್ಷದ ಮೇಲೆ ಮೂರೇ ತಿಂಗಳಲ್ಲಿ ಅವೆರಡೂ ಆರಿಹೋದವು. ಆಗಲೂ ನೀವು ಮಾತು ವಾಪಸ್ಸು ತಗೊಳ್ಳಲಿಲ್ಲ. ಆ ಮಾತನ್ನು ನಂಬಿ ನಾವು ಬಂದ ಸಂಬಂಧಗಳನ್ನೆಲ್ಲ ಹಿಂದಕ್ಕೆ ಕಳಿಸಿದೆವು.

ಈಗ ಬೇಡವೇ? ಬೇಡ ಅನ್ನಿ. ಆದರೆ ಅಕ್ಕನಾದವಳು ಬಂದು ತಮ್ಮನ ಮುಂದೆ ಕೂತು ಹೇಳಬೇಕಿತ್ತು. ಕಾಯಿ ವ್ಯಾಪಾರದವನ ಬಾಯಲ್ಲಿ ಹೇಳಿಸಿದಿರಲ್ಲ, ಥೂ! ನಾಚಿಕೆಯಾಗಬೇಕು.

ನಿಮ್ಮ ತಮ್ಮ, "ಬೈಬ್ಯಾಡ ಕಣೇ, ಅಕ್ಕ ಅವಳು" ಎನ್ನುತ್ತಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟು ಇಲ್ಲಿಗೆ ನಿಲ್ಲಿಸಿದ್ದೇನೆ.

ತೀರ್ಥಮ್ಮ

*

ತರೀಕೆರೆ
27-2-1986

ತೀರ್ಥನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಬೈಗುಳ ಕಳೆದರೆ ಉಳಿಯುವುದು ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಉತ್ತರ ಬರೆಯುತ್ತೇನೆ.

ಪುಟ್ಟಯ್ಯನ ಕೈಲಿ ಹೇಳಿ ಕಳಿಸಿದ್ದು ನಮ್ಮ ಯಜಮಾನರು, ನಾನಲ್ಲ. ಅವರು ಯಾವುದನ್ನೂ ಅಡಿಕೆ ಮಂಡಿಯಲ್ಲಿ ಕೂತೇ ತೀರ್ಮಾನ ಮಾಡುವವರು. ಆದರೆ ಅವರು ಹೇಳಿದ್ದು ತಪ್ಪು ಎಂದು ನಾನು ಬರೆಯುವುದಿಲ್ಲ. ಪಂಚನಹಳ್ಳಿಯ ನಮ್ಮ ಸೋದರಮಾವ ಗಿಡ್ಡಪ್ಪ ನಿನಗೆ ನೆನಪಿರಬೇಕು. ಅವನಿಗೂ ಹೀಗೇ, ಮೀಸೆ ಬಂದ ಕಾಲಕ್ಕೆ ಕಣ್ಣು ಹೋಯಿತು. ಆಮೇಲೆ ಬೆನಕ. ನನ್ನ ಕಣ್ಣೆದುರಿಗೇ ಇಬ್ಬರು. ಮೂರನೆಯದು ನನ್ನ ಮೊಮ್ಮಗನಾಗುವುದು ಬೇಡ. ತಾಯಿ ಕರುಳು ನಿನಗೂ ಇದೆ, ನೀನೇ ಯೋಚನೆ ಮಾಡು.

ದೇವರ ದಯದಿಂದ ನನ್ನ ಮಕ್ಕಳು ಅವರಪ್ಪನ ವಂಶದವು. ಚನ್ನವೀರ ಒಂದು ಹಿಡಿ ಅಡಿಕೆ ಬೆಳಕಿಗೆ ಹಿಡಿದು, ಅದರ ಕೆಂಪು ನೋಡಿ, ಯಾವ ಊರಿನ ಮಾಲು ಎಂದು ಹೇಳುತ್ತಾನೆ. ಮಂಡಿಯಲ್ಲಿ ಅವನ ಕಣ್ಣಿಗೆ ಅಷ್ಟು ಹೆಸರಿದೆ. ಅವನಿಗೆ ಶಿವಮೊಗ್ಗದ ಕಡೆ ಒಂದು ಹೆಣ್ಣು ನೋಡಿದ್ದೇವೆ.

ಮಗಳು ಗಿರಿಜನ ಮದುವೆ ಅಜ್ಜಂಪುರದಲ್ಲಿ ಗೊತ್ತಾಗಿದೆ. ಮೇ ತಿಂಗಳು. ದೊಡ್ಡ ಮನೆತನ, ಮಠಕ್ಕೆ ಬೇಕಾದವರು. ಬೆನಕನನ್ನು ಕರೆದುಕೊಂಡು ಬಾ. ಸೋದರಮಾವ ಹುಡುಗಿಯ ಕೈಹಿಡಿದು ಹಸೆಗೆ ಕರೆತರುವ ಶಾಸ್ತ್ರ ಇದೆಯಲ್ಲ, ಅದರ ವಿಚಾರ ಆಮೇಲೆ ಮಾತಾಡೋಣ. ಆ ಜನಜಂಗುಳಿಯಲ್ಲಿ ಅವನಿಗೆ ತೊಂದರೆಯಾಗುವುದು ನನಗೆ ಇಷ್ಟವಿಲ್ಲ.

ಮಂಗಳನಿಗೆ ಒಳ್ಳೆಯದಾಗಲಿ.

ಮಲ್ಲಿಕಾಂಬ

*

ಬೆಂಗಳೂರು
6-4-1986

ಅಮ್ಮ,

ಅತ್ತೆಯ ಕಾಗದವನ್ನು ನನಗೆ ಕಳಿಸಿದ್ದು ಯಾಕೆ? ನಾನು ಅಳಲಿ ಅಂತಲೋ, ನಿನ್ನ ಜೊತೆ ಸೇರಿ ಬೈಯಲಿ ಅಂತಲೋ? ಎರಡೂ ಮಾಡಲಿಲ್ಲ. ಲ್ಯಾಬಿಗೆ ತೆಗೆದುಕೊಂಡು ಹೋದೆ.

ನಾನು ಕೆಲಸ ಮಾಡುವುದು ಕ್ಯಾನ್ಸರ್ ಲ್ಯಾಬಿನಲ್ಲಿ ಎಂದರೆ ನೀನು ಇನ್ನೂ "ಆ ರೋಗ ಅಂಟ್ಕೊಳಲ್ವೇನೇ" ಅಂತ ಹೆದರುತ್ತೀಯ. ನಮ್ಮ ಕೆಲಸ ಹೀಗೆ: ಮನುಷ್ಯನ ಮೈಯೆಲ್ಲ ಕೋಶ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಮನೆಗಳು. ಪ್ರತಿ ಮನೆಯೊಳಗೂ ಒಲೆಗಳಿವೆ. ನಾವು ತಿಂದದ್ದನ್ನು ಉರಿಸಿ ಮೈಗೆ ಕಸುವು ಕೊಡುವುದು ಅವೇ. ಮೈಟೊಕಾಂಡ್ರಿಯ ಅಂತ ಹೆಸರು. ಕ್ಯಾನ್ಸರ್ ಕೋಶದ ಒಲೆಗಳ ರೀತಿಯೇ ಬೇರೆ. ಒಂದು ಥರದ ಬಣ್ಣ ಹಾಕಿದರೆ ಬೇರೆ ಕೋಶಗಳು ಅದನ್ನು ಬೇಗ ಬಿಟ್ಟುಬಿಡುತ್ತವೆ. ಕ್ಯಾನ್ಸರ್ ಕೋಶ ಬಿಡುವುದಿಲ್ಲ, ಕೊನೆಗೆ ಆ ಬಣ್ಣವೇ ಅದರ ಒಲೆಯನ್ನು ಕೆಡಿಸುತ್ತದೆ. ಅದನ್ನೇ ಔಷಧಿ ಮಾಡಲು ಆಗುತ್ತದೆಯೇ ಎಂದು ನೋಡುತ್ತಿದ್ದಾರೆ.

ನಾನು ಸುಮ್ಮನೆ ನಮ್ಮ ಲ್ಯಾಬಿನ ಡಾಕ್ಟರಮ್ಮನಿಗೆ ಅಪ್ಪನ ಕಣ್ಣಿನ ವಿಚಾರ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಇನ್ಯಾರಿಗೆ ಕಣ್ಣು ಹೋಗಿದೆ? ಅವರು ತಾಯಿ ಕಡೆಯವರೋ ತಂದೆ ಕಡೆಯವರೋ?" ಎಂದು ಕೇಳಿ ಕೇಳಿ ಗಿಡ್ಡಪ್ಪಜ್ಜನವರೆಗೂ ಹೋದರು. ಆಮೇಲೆ ಹೇಳಿದರು. ಇದೂ ಒಲೆಯ ರೋಗವೇ. ಕಣ್ಣಿನ ನರಕ್ಕೆ ಬಹಳ ಕಸುವು ಬೇಕು, ಒಲೆ ಸರಿಯಾಗಿ ಉರಿಯದಿದ್ದರೆ ಮೊದಲು ಸಾಯುವುದು ಅದು.

ಈಗ ಮುಖ್ಯವಾದ ಮಾತು. ಹಿಂದೆಲ್ಲ ಒಲೆ ಹೊತ್ತಿಸಲು ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದೆವಲ್ಲ, ಹಾಗೆ ಹುಟ್ಟುವ ಮಗು ತನ್ನ ಒಲೆಗಳಿಗೆ ಕೆಂಡ ತರುವುದು ತಾಯಿಯಿಂದ ಮಾತ್ರ. ಅಪ್ಪನಿಂದ ಬಣ್ಣ ಬರಬಹುದು, ಮೂಗು ಬರಬಹುದು, ಆದರೆ ಒಂದು ಕಿಡಿ ಬರುವುದಿಲ್ಲ. ಗಿಡ್ಡಪ್ಪಜ್ಜನಿಗೂ ಅವರ ಅಕ್ಕನಾದ ನಮ್ಮ ಅಜ್ಜಿಗೂ ಅದು ಅವರ ತಾಯಿಯಿಂದ ಬಂತು. ಅಜ್ಜಿಯಿಂದ ಅಪ್ಪನಿಗೂ ಅತ್ತೆಗೂ ಬಂತು. ಹೆಂಗಸರಿಗೆ ಕಣ್ಣು ಹೋಗುವುದು ಕಡಿಮೆ, ಆದರೆ ಕೆಂಡ ದಾಟಿಸುವವರು ಅವರೇ. ಅಪ್ಪನಲ್ಲಿಗೆ ಬಂದದ್ದು ಅಪ್ಪನಲ್ಲಿಗೇ ನಿಂತಿತು. ನನಗೆ ಬಂದದ್ದು ನಿನ್ನ ಕೆಂಡ. "ನಿಮ್ಮ ತಂದೆಗೆ ಹತ್ತು ಮಕ್ಕಳಾಗಿದ್ದರೂ ಹತ್ತಕ್ಕೂ ಕಣ್ಣು ಚೆನ್ನಾಗಿಯೇ ಇರುತ್ತಿತ್ತು" ಅಂದರು.

ಇದು ಇನ್ನೂ ಪೂರ್ತಿ ರುಜುವಾತಾಗಿಲ್ಲವಂತೆ. ಆದರೆ ಹೊರದೇಶಗಳಲ್ಲಿ ಬಹಳ ಮನೆತನಗಳನ್ನು ನೋಡಿದ್ದಾರೆ. ಕಣ್ಣು ಹೋದ ಗಂಡಸಿನ ಮಕ್ಕಳಿಗೆ ಬಂದದ್ದನ್ನು ಯಾರೂ ಕಂಡಿಲ್ಲ.

ಹಿಗ್ಗಬೇಡ. ಇದರ ಇನ್ನೊಂದು ಅರ್ಧ ಇದೆ. ಚನ್ನವೀರನಿಗೆ ಬರಬಹುದು, ಬರದೆಯೂ ಇರಬಹುದು. ಗಿರಿಜನ ಗಂಡುಮಕ್ಕಳಿಗೂ ಹಾಗೆಯೇ. ಹೊಗೆಸೊಪ್ಪು, ಸಿಗರೇಟು, ಹೆಂಡ ಇದನ್ನು ಬಡಿದೆಬ್ಬಿಸುತ್ತವೆ ಎಂಬ ಅನುಮಾನ ಇದೆ. ಚನ್ನವೀರ ಸಿಗರೇಟು ಸೇದುತ್ತಾನೆ, ನಾನು ನೋಡಿದ್ದೇನೆ. ಅದನ್ನು ಬಿಡಬೇಕು. ಅತ್ತೆಗೆ ಇದನ್ನು ತಿಳಿಸಲೇಬೇಕು. ಆದರೆ ಸಮಾಧಾನವಾಗಿ ಬರೆಯಮ್ಮ, ನಿನ್ನ ಕಾಲಿಗೆ ಬೀಳುತ್ತೇನೆ.

ಮಂಗಳ

*

ಕಡೂರು
10-4-1986

ಅತ್ತಿಗೆ ಮಲ್ಲಿಕಾಂಬ ಅವರಿಗೆ,

ಸಮಾಧಾನವಾಗಿ ಬರೆ ಅಂದಿದ್ದಾಳೆ ಮಗಳು. ನನ್ನ ಹತ್ತಿರ ಸಮಾಧಾನ ಎಲ್ಲಿ ಉಳಿಸಿದ್ದೀರಿ ನೀವು?

ಕಣ್ಣು ಹೋಗುವುದು ನಿಮ್ಮ ತಮ್ಮನಿಂದ ಅವರ ಮಕ್ಕಳಿಗೆ ದಾಟುವುದಿಲ್ಲವಂತೆ. ಬೆಂಗಳೂರಿನ ಡಾಕ್ಟರು ಹೇಳಿದ್ದಾರೆ. ಅದು ದಾಟುವುದು ತಾಯಿಯಿಂದ ಮಾತ್ರ. ನಿಮ್ಮ ಅಜ್ಜಿಯಿಂದ ನಿಮ್ಮ ಅಮ್ಮನಿಗೆ, ನಿಮ್ಮ ಅಮ್ಮನಿಂದ ನಿಮಗೆ. ನನ್ನ ಮಗಳ ಮೈಯಲ್ಲಿ ಅದರ ಸುಳಿವೂ ಇಲ್ಲ. ಇರುವುದು ನಿಮ್ಮ ಹೊಟ್ಟೆಯಲ್ಲಿ ಅತ್ತಿಗೆ, ನಿಮ್ಮ ಹೊಟ್ಟೆಯಲ್ಲಿ! ಇಷ್ಟು ವರ್ಷ ನನ್ನ ಗಂಡನ ತಲೆಯ ಮೇಲೆ, ನನ್ನ ಮಗುವಿನ ತಲೆಯ ಮೇಲೆ ಗೂಬೆ ಕೂರಿಸಿದಿರಲ್ಲ.

ಇನ್ನೂ ಒಂದಿದೆ. ಇದನ್ನು ನಿಮ್ಮ ತಮ್ಮನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಮಂಗಳನಿಗೂ ಗೊತ್ತಿಲ್ಲ. ಅವಳಿಗೆ ಆರು ವರ್ಷವಿದ್ದಾಗ ನನಗೆ ಇನ್ನೊಂದು ಮಗು ಬೇಕು ಅಂತ ಆಸೆಯಾಗಿತ್ತು. ನೀವು ತರೀಕೆರೆಯಿಂದ ಬಸ್ಸು ಹತ್ತಿಕೊಂಡು ಬಂದಿರಿ. "ಬ್ಯಾಡ ಕಣೇ ತೀರ್ಥ, ಇನ್ನೊಂದು ಹುಟ್ಟಿ ಅದ್ರ ಕಣ್ಣೂ ಹೋದ್ರೆ ನಿನ್ ಗತಿ ಏನೇ" ಅಂದಿರಿ. ಕೈಹಿಡಿದು ಮಕ್ಕಳಾಗದ ಆಪರೇಷನ್ ಕ್ಯಾಂಪಿಗೆ ಕರೆದುಕೊಂಡು ಹೋದವರು ನೀವು. ಟೆಂಟಿನ ಹೊರಗೆ ಕೂತು ಕಿತ್ತಳೆ ಸುಲಿದು ಕೊಟ್ಟವರೂ ನೀವೇ. ಅಕ್ಕನ ಹಾಗೆ ನೋಡಿಕೊಂಡರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ ನಾನು, ಹುಚ್ಚಿ! ಹತ್ತು ಹೆತ್ತಿದ್ದರೂ ಹತ್ತಕ್ಕೂ ಕಣ್ಣಿರುತ್ತಿತ್ತಂತೆ. ಮಂಗಳನ ಕಾಗದದಲ್ಲಿ ಆ ಸಾಲು ಓದಿದಾಗಿನಿಂದ ನನ್ನ ಮೈ ಉರಿಯುತ್ತಿದೆ. ನೀರು ಸುರಿದುಕೊಂಡರೂ ತಣ್ಣಗಾಗುತ್ತಿಲ್ಲ.

ಅಜ್ಜಂಪುರದ ಬೀಗರ ವಿಳಾಸ ನನಗೂ ಗೊತ್ತಿದೆ. ಒಂದು ಕಾರ್ಡು ಹಾಕಿದರೆ ಸಾಕು, ನಿಮ್ಮ ದೊಡ್ಡ ಮನೆತನ ನಿಮ್ಮ ದಿಬ್ಬಣದ ಬಸ್ಸನ್ನು ಅರ್ಧ ದಾರಿಯಿಂದಲೇ ವಾಪಸ್ಸು ಕಳಿಸುತ್ತದೆ. ಹಾಕುತ್ತೇನೋ ಬಿಡುತ್ತೇನೋ, ಇನ್ನೂ ತೀರ್ಮಾನ ಮಾಡಿಲ್ಲ.

ಕೊನೆಗೆ ಮಂಗಳ ತಿಳಿಸು ಅಂದದ್ದು. ಚನ್ನವೀರ ಸಿಗರೇಟು ಬಿಡಬೇಕು. ಗಿರಿಜನಿಗೆ ಗಂಡುಮಕ್ಕಳಾದರೆ ಅವರೂ ಹೊಗೆಸೊಪ್ಪು, ಹೆಂಡ ಮುಟ್ಟಬಾರದು. ಅವು ಈ ರೋಗವನ್ನು ಎಬ್ಬಿಸುತ್ತವಂತೆ.

ತೀರ್ಥಮ್ಮ

*

ತರೀಕೆರೆ
16-4-1986

ತೀರ್ಥಮ್ಮನಿಗೆ,

ಮಗಳ ಮದುವೆ ಹೊತ್ತಿಗೆ ಶಾಪ ಹಾಕಿ ಬರೆದ ಕಾಗದವನ್ನು ಪೂರ್ತಿ ಓದುವಷ್ಟು ಗಟ್ಟಿ ಎದೆ ನನಗಿಲ್ಲ. ಅರ್ಧಕ್ಕೇ ಹರಿದು ಒಲೆಗೆ ಹಾಕಿದೆ. ಮದುವೆಗೆ ಬಾ. ತಮ್ಮನಿಲ್ಲದೆ ನನ್ನ ಮಗಳ ಮದುವೆ ಆಯಿತು ಅನ್ನಿಸಬೇಡ. ಆದರೆ ಈ ಡಾಕ್ಟರ ಮಾತನ್ನು ಅಜ್ಜಂಪುರದವರ ಕಿವಿಗೆ ಹಾಕಿದರೆ ನಮ್ಮ ನಿಮ್ಮ ಬಳಕೆ ಅಲ್ಲಿಗೆ ಮುಗಿಯಿತು.

ಮಲ್ಲಿಕಾಂಬ

*

ಕಡೂರು
20-5-1986

ಅತ್ತಿಗೆಯವರಿಗೆ,

ಮದುವೆ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳಿದರು. ನಮಗೆ ಗೊತ್ತಿಲ್ಲ. ನಾವು ಉಗ್ರಾಣದಲ್ಲಿದ್ದೆವು.

ಅಜ್ಜಂಪುರದ ಛತ್ರದ ಬಾಗಿಲಲ್ಲಿ ನಿಮ್ಮ ಯಜಮಾನರು ನಮ್ಮನ್ನು ನೋಡಿದ ತಕ್ಷಣ ಎದ್ದು ಬಂದರು. ನಾನೂ ಒಂದು ಗಳಿಗೆ ಗೌರವಕ್ಕೆ ಎಂದುಕೊಂಡೆ. ಇವರ ತೋಳು ಹಿಡಿದು, "ಬಾರಪ್ಪ ಬೆನಕಪ್ಪ, ಇಲ್ಲಿ ತಣ್ಣಗದೆ ಕೂತ್ಕೋ, ಹಸೆಗೆ ಕರೆಯೋ ಹೊತ್ತಿಗೆ ಕರೀತೀವಿ" ಎಂದು ತೆಂಗಿನಕಾಯಿ, ಕುಂಬಳಕಾಯಿ ರಾಶಿ ಹಾಕಿದ್ದ ಕೋಣೆಗೆ ಕರೆದುಕೊಂಡು ಹೋದರು. ಒಂದು ಚಾಪೆ ಹಾಕಿದರು. ಕಾಫಿಯನ್ನೂ ಅಲ್ಲಿಗೇ ಕಳಿಸಿದರು.

ನಿಮ್ಮ ತಮ್ಮ ಹೊಸ ಪಂಚೆ ಉಟ್ಟಿದ್ದರು. ಮಡಿಕೆ ಮುರಿಯುತ್ತದೆ ಎಂದು ಬಸ್ಸಿನಲ್ಲಿ ನಿಂತೇ ಬಂದ ಮನುಷ್ಯ ಅವರು. ಗಿರಿಜನಿಗೆ ಸೋದರಮಾವ ಕೊಡುವ ಬೆಳ್ಳಿ ಕಾಲುಂಗುರ ಜೇಬಿನಲ್ಲಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಎಷ್ಟು ಮೆಟ್ಲು ಹತ್ಬೇಕು ನೋಡ್ಕೊಂಡ್ ಬಾರೇ, ಕೂಸಿನ್ ಕೈ ಹಿಡ್ಕೊಂಡಾಗ ಎಡವಬಾರ್ದು" ಎಂದು ನನ್ನನ್ನು ಕಳಿಸಿದರು. ನಾನು ಹೋಗಿ ನೋಡುತ್ತೇನೆ, ನಿಮ್ಮ ಯಜಮಾನರ ದಾಯಾದಿ ಒಬ್ಬ ಪೇಟ ಸುತ್ತಿಕೊಂಡು ಗಿರಿಜನ ಕೈಹಿಡಿದು ನಿಂತಿದ್ದಾನೆ. ಬೀಗರಿಗೆ "ಇವರೇ ಹುಡುಗಿ ಸೋದರಮಾವ" ಎಂದು ತೋರಿಸುತ್ತಿದ್ದಾರೆ. ನೀವು ಪಕ್ಕದಲ್ಲೇ ಇದ್ದಿರಿ. ನನ್ನನ್ನು ನೋಡಿದಿರಿ. ಮುಖ ತಿರುಗಿಸಿದಿರಿ.

ನಾನು ವಾಪಸ್ಸು ಬರುವ ಹೊತ್ತಿಗೆ ಗಟ್ಟಿಮೇಳ ಆಯಿತು. ನಿಮ್ಮ ತಮ್ಮ ಕುಂಬಳಕಾಯಿಗಳ ಮಧ್ಯೆ ಎದ್ದು ನಿಂತಿದ್ದರು. "ತೀರ್ಥಾ, ತಾಳಿ ಕಟ್ಟಿದ್ರೇನೇ? ನನ್ನ ಮರ್ತೇಬಿಟ್ರಾ?" ಎಂದರು. ಮರೆತರು ಎಂದುಕೊಂಡಿದ್ದರು. ಪಾಪಿಗಳು, ಬಚ್ಚಿಟ್ಟರು ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನೇ ಹೇಳಿದೆ.

ನನಗೆ ಸಿಟ್ಟು ನೆತ್ತಿಗೇರಿತು. "ಈಗಲೇ ಹೋಗಿ ಗಂಡಿನ ತಾಯಿಗೆ ಎಲ್ಲ ಹೇಳುತ್ತೇನೆ, ನಿಜವಾದ ಸೋದರಮಾವ ಎಲ್ಲಿದ್ದಾನೆ ನೋಡು ಬಾ ಅನ್ನುತ್ತೇನೆ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೆ. ಇವರು ನನ್ನ ಸೀರೆಯ ಅಂಚು ಹಿಡಿದುಕೊಂಡರು. "ಬ್ಯಾಡ ಕಣೇ. ಆ ಕೂಸೇನ್ ಮಾಡೈತೆ? ಅದ್ರ ಬಾಳು ಯಾಕ್ ಹಾಳ್ ಮಾಡ್ತಿ?" ಎಂದರು.

ಅದಕ್ಕೇ ನಿಮ್ಮ ಮಗಳ ಮದುವೆ ಉಳಿಯಿತು ಅತ್ತಿಗೆ, ನಿಮ್ಮ ಜಾಣತನದಿಂದ ಅಲ್ಲ. ನೀವು ಉಗ್ರಾಣಕ್ಕೆ ತಳ್ಳಿದವನು ಸೆರಗು ಹಿಡಿದು ಉಳಿಸಿದ. ಕಾಲುಂಗುರವನ್ನು ಅಡುಗೆಯವಳ ಕೈಲಿ ಕೊಟ್ಟು ಊಟ ಮಾಡದೆ ಬಂದೆವು.

ಒಂದು ಮಾತು ತಿಳಿದಿರಿ. ಹೆಣ್ಣು ನೋಡುವವರು ಸೋದರಮಾವನನ್ನು ಮುಂದೆ ನಿಲ್ಲಿಸಿ ನೋಡುವುದು ತಾಯಿ ಕಡೆ ಹೇಗಿದೆ ಎಂದು ತಿಳಿಯಲಿ ಅಂತ ಇದ್ದೀತು. ಹಿರಿಯರು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ ನನಗೆ ಗೊತ್ತಿಲ್ಲ. ಬೇಡವೆಂದ ನನ್ನ ಮಗಳಲ್ಲಿ ದೋಷವಿರಲಿಲ್ಲ. ಮುಚ್ಚಿಟ್ಟು ಮಾಡಿದ ಸಂಬಂಧದಲ್ಲೇ ಅದು ಇತ್ತು.

ಇನ್ನು ನಾನು ಬರೆಯುವುದಿಲ್ಲ.

ತೀರ್ಥಮ್ಮ

*

ತರೀಕೆರೆ
22-11-1987

ತೀರ್ಥ,

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕಬೇಡ. ನಾನು ಹರಿದೆ, ನೀನು ಹಾಗೆ ಮಾಡಬೇಡ.

ಗೌರಿ ಹಬ್ಬದ ಹಿಂದಿನ ವಾರ ಚನ್ನವೀರ ಮಂಡಿಯಲ್ಲಿ ಒಂದು ಲಾಟು ಅಡಿಕೆಯನ್ನು ಕಪ್ಪಾಗಿದೆ ಎಂದು ವಾಪಸ್ಸು ಮಾಡಿದ. ಅದು ಕೆಂಪಗೆ ಹವಳದ ಹಾಗಿತ್ತು. ಅವರಪ್ಪ ಎಲ್ಲರ ಮುಂದೆ ಬೈದರು. "ಅಪ್ಪಾ, ಕೆಂಪು ಕಾಣ್ತಿಲ್ಲ, ಮಸಿ ಬಳ್ದಂಗೈತೆ" ಎಂದ. ಮರುದಿನ ನನ್ನನ್ನು ನೋಡಿ, "ಅವ್ವಾ, ನಿನ್ ಮುಖದ್ ಮಧ್ಯೆ ಹೊಗೆ ಐತೆ" ಎಂದ. ಮೊದಲು ಒಂದು ಕಣ್ಣು, ದೀಪಾವಳಿ ಹೊತ್ತಿಗೆ ಇನ್ನೊಂದು. ಶಿವಮೊಗ್ಗ, ಮಣಿಪಾಲ ಎಲ್ಲ ತಿರುಗಿದೆವು. ನರ ಬತ್ತಿದೆ, ಔಷಧಿ ಇಲ್ಲ ಎನ್ನುತ್ತಾರೆ. ಬೆನಕನಿಗೆ ಹೇಳಿದ್ದೂ ಇದೇ ಮಾತು.

ಹೆಣ್ಣಿನ ಕಡೆಯವರು ನಿಶ್ಚಯ ಮುರಿದರು. ಅವನು ಕೋಣೆಯಿಂದ ಹೊರಗೆ ಬರುವುದಿಲ್ಲ, ಗಡ್ಡ ಬಿಟ್ಟಿದ್ದಾನೆ. ಕತ್ತಲೆಯಲ್ಲಿ ಕೂತು ಸಿಗರೇಟು ಸೇದುತ್ತಾನೆ. ಊಟಕ್ಕೆ ಕರೆದರೆ ತಟ್ಟೆ ಎಸೆಯುತ್ತಾನೆ. ಮಗನ ಕೋಣೆಗೆ ಹೋಗಲು ಅವರಪ್ಪನಿಗೆ ಧೈರ್ಯವಿಲ್ಲ. ಬಾವಿಯ ಕಡೆ ಹೋಗದ ಹಾಗೆ ನಾನು ಬಾಗಿಲಲ್ಲೇ ಮಲಗುತ್ತೇನೆ.

ಗಿರಿಜನಿಗೆ ಗಂಡು ಮಗುವಾಗಿದೆ. ಮೂರು ತಿಂಗಳು. ದೊಡ್ಡ ದೊಡ್ಡ ಕಣ್ಣು. ಆ ಮಗುವನ್ನು ಎತ್ತಿಕೊಳ್ಳಲು ನನಗೆ ಭಯ.

ನಿನ್ನ ಆ ಕಾಗದದ ಅರ್ಧ ಮಾತ್ರ ಓದಿದ್ದೆ. ಉಳಿದ ಅರ್ಧದಲ್ಲಿ ಏನಿತ್ತು, ಬರೆ.

ಮತ್ತೊಂದು ಮಾತು. ಬೈಯಬೇಡ. ತೊಟ್ಟಿಲಿಗೆ ಬಳೆ ಹಾಕಿದ ಮಾತು ಇನ್ನೂ ಇದೆ ಎಂದು ತಿಳಿದುಕೋ. ಮಂಗಳನಿಗೂ ಇನ್ನೂ ಮದುವೆಯಾಗಿಲ್ಲ. ಅವಳು ಕಣ್ಣಿಲ್ಲದವರ ಜೊತೆ ಬೆಳೆದವಳು, ಅವಳಿಗೆ ಅದು ರೂಢಿ ಇದೆ. ಬೇರೆ ಹುಡುಗಿಯರ ಕೈಲಿ ಆಗುವುದಿಲ್ಲ. ನನ್ನ ಮಗನ ಬಾಳು ನಿಮ್ಮ ಕೈಲಿದೆ.

ಮಲ್ಲಿಕಾಂಬ

*

ಬೆಂಗಳೂರು
9-12-1987

ಅತ್ತೆ,

ನಿಮ್ಮ ಕಾಗದ ಓದಿದ ಅಮ್ಮ ಮೂರು ದಿನ ಮಿಲ್ಲಿಗೆ ಹೋಗದೆ ಮನೆಯಲ್ಲೇ ಬೈಯುತ್ತಾ ತಿರುಗಾಡಿದಳಂತೆ. ಮದುವೆಯ ಮಾತು ನನ್ನದು, ಆದ್ದರಿಂದ ಉತ್ತರ ನಾನೇ ಬರೆಯುತ್ತೇನೆ.

ನಾನು ಚನ್ನವೀರನನ್ನು ಮದುವೆಯಾಗುವುದಿಲ್ಲ.

ಕಣ್ಣು ಹೋಯಿತು ಎಂದು ಅಲ್ಲ. ನನಗೂ ಅವನಿಗೂ ಮಕ್ಕಳಾದರೆ ಎಲ್ಲವಕ್ಕೂ ಕಣ್ಣು ಚೆನ್ನಾಗಿರುತ್ತದೆ. ನೀವು ಯಾವ ಹೆದರಿಕೆಗೆ ಈ ಸಂಬಂಧ ಮುರಿದಿರೋ, ಆ ಹೆದರಿಕೆ ಈ ಸಂಬಂಧದಲ್ಲಿ ಯಾವತ್ತೂ ಇರಲಿಲ್ಲ. ನಾನು ಬೇಡ ಎನ್ನುವುದು ಬೇರೆ ಕಾರಣಕ್ಕೆ. ಮಾತು ಮುರಿದ ಆ ತಿಂಗಳು ನಾನು ಅವನಿಗೆ ಒಂದು ಕಾಗದ ಬರೆದಿದ್ದೆ. "ಇದು ನಿನ್ನ ಮಾತೋ, ಮಾವನದೋ, ನೀನೇ ಒಂದು ಸಾಲು ಬರೆ" ಎಂದಿದ್ದೆ. ಆಗ ಅವನಿಗೆ ಅಡಿಕೆಯ ಕೆಂಪು ಕಾಣುತ್ತಿತ್ತು, ಅಕ್ಷರವೂ ಕಾಣುತ್ತಿತ್ತು. ಉತ್ತರ ಬರೆಯಲಿಲ್ಲ. ಕಣ್ಣಿದ್ದಾಗ ಬೇಡವಾದವಳು ಕಣ್ಣು ಹೋದ ಮೇಲೆ ಬೇಕಾದೆನೇ? ನಾನು ಊರುಗೋಲಲ್ಲ ಅತ್ತೆ.

ನನಗೆ ರೂಢಿ ಇದೆ ಎಂದು ಬರೆದಿದ್ದೀರಿ. ಅಪ್ಪನ ಜೊತೆ ಬೆಳೆಯುವುದು ನನಗೆ ಕಷ್ಟವಾಗಿರಲಿಲ್ಲ. ಅಪ್ಪನನ್ನು ನೀವೆಲ್ಲ ನೋಡಿದ ರೀತಿಯ ಜೊತೆ ಬೆಳೆಯುವುದು ಕಷ್ಟವಾಗಿತ್ತು.

ಸಿಟ್ಟು ನನಗೆ ನಿಮ್ಮ ಮೇಲೆ ಮಾತ್ರ ಇಲ್ಲ. ಈ ಲ್ಯಾಬಿನ ಮೇಲೂ ಇದೆ. ಕ್ಯಾನ್ಸರಿನ ಒಲೆಯನ್ನು ಆರಿಸುವುದು ಹೇಗೆ ಎಂದು ಬೆಳಗಿನಿಂದ ಸಂಜೆವರೆಗೆ ನೋಡುತ್ತೇವೆ, ಇವತ್ತಲ್ಲ ನಾಳೆ ಅದು ಸಾಧ್ಯವಾದೀತು. ಆರಿಹೋದ ಒಲೆಯನ್ನು ಹೊತ್ತಿಸುವುದು ಮಾತ್ರ ಇಲ್ಲಿ ಒಬ್ಬರಿಗೂ ಗೊತ್ತಿಲ್ಲ. ಚನ್ನವೀರನ ವಿಚಾರ ಹೇಳಿದಾಗ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ನನಗೆ ಮೈಕ್ರೋಸ್ಕೋಪು ಎತ್ತಿ ಎಸೆಯಬೇಕು ಅನ್ನಿಸಿತು.

ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ. ಇದು ನೀವು ಮಾಡಿದ್ದಲ್ಲ. ನಿಮ್ಮ ತಾಯಿ ಮಾಡಿದ್ದೂ ಅಲ್ಲ. ಯಾರೂ ಬೇಕೆಂದು ಈ ಕೆಂಡ ಕೊಡುವುದಿಲ್ಲ.

ಮಂಗಳ

*

ಕಡೂರು
4-1-1988

ಅತ್ತಿಗೆಯವರಿಗೆ,

ನನ್ನ ಸಿಟ್ಟು ಇಳಿದಿದೆ ಎಂದುಕೊಂಡು ಓದಬೇಡಿ. ಇಳಿದಿಲ್ಲ.

"ಮಂಗಳನಿಗೆ ರೂಢಿ ಇದೆ" ಎಂದು ಬರೆದ ನಿಮ್ಮ ಕೈಗೆ ಏನು ಹೇಳಲಿ? ಆ ಸಾಲನ್ನು ನಿಮ್ಮ ತಮ್ಮನಿಗೆ ಓದಿ ಹೇಳದೆ ಹಾರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಅವರಿಗೆ ಕಾಗದ ಓದುವಾಗ ಹಾರಿಸಿದ್ದು ಎರಡೇ ಕಡೆ. ಮೊದಲನೆಯದು ಹತ್ತು ಮಕ್ಕಳ ಸಾಲು.

ಉಳಿದ ಅರ್ಧದಲ್ಲಿ ಏನಿತ್ತು ಎಂದು ಕೇಳಿದ್ದೀರಿ. ಸಿಗರೇಟು ಬಿಡಿಸಿ ಎಂದು ಇತ್ತು. ಬಿಟ್ಟಿದ್ದರೆ ಕಣ್ಣು ಉಳಿಯುತ್ತಿತ್ತು ಎಂದು ಹೇಳಲಾಗದಂತೆ, ಮಂಗಳ ನೂರು ಸಲ ಹೇಳಿದ್ದಾಳೆ. ನಾನು ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತೇನೋ. ನೀವೂ ಕೊನೆಯ ಸಾಲಿನವರೆಗೆ ಓದಬೇಕಿತ್ತು. ಈಗ ಗಿರಿಜನ ಮಗುವಿದೆ. ನೀವೇ ಅಜ್ಜಂಪುರಕ್ಕೆ ಹೋಗಿ ಗಿರಿಜನ ಮುಂದೆ ಕೂತು ಎಲ್ಲ ಹೇಳಿ. ಬೀಗರಿಗೆ ಹೇಳುವುದು ಬಿಡುವುದು ಅವಳ ಇಷ್ಟ. ಆದರೆ ತಾಯಿಗೆ ಗೊತ್ತಿರಬೇಕು. ಪುಟ್ಟಯ್ಯನ ಕೈಲಿ ಹೇಳಿ ಕಳಿಸಬೇಡಿ. ಯುಗಾದಿಯೊಳಗೆ ನೀವು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ. ಈ ಸಲ ಸೀರೆಯ ಅಂಚು ಯಾರು ಹಿಡಿದರೂ ನಿಲ್ಲುವುದಿಲ್ಲ.

ಮಂಗಳನ ಉತ್ತರ ನಿಮಗೆ ಸಿಕ್ಕಿದೆ. ಅದರ ಮೇಲೆ ನನ್ನದೊಂದು ಮಾತೂ ಇಲ್ಲ.

ಇನ್ನು ಚನ್ನವೀರ. ನೀವು ಬಾಗಿಲಲ್ಲಿ ಮಲಗುತ್ತೀರಿ ಎಂಬ ಸಾಲು ಓದಿದಾಗ ನಿಮ್ಮ ತಮ್ಮ, "ಅಕ್ಕಂಗೆ ಬರ್ಯೇ, ಅವನ್ನ ಇಲ್ಲಿಗ್ ಕಳ್ಸು ಅಂತ" ಎಂದರು. ನಾನು ಬರೆಯಲ್ಲ ಎಂದೆ. ಹಾಗೆಂದೇ ಒಂದು ತಿಂಗಳು ಕಳೆದೆ. ಅವರು ಮತ್ತೆ ಕೇಳಲಿಲ್ಲ. ಆದರೆ ನಿನ್ನೆ ಮಿಲ್ಲಿಗೆ ಹೋಗುವಾಗ ದಾರಿಯಲ್ಲಿ ನಿಂತು, "ನಂಗ್ ಕಣ್ ಹೋದಾಗ ಕೈ ಹಿಡ್ಕೊಳಕೆ ಗಿಡ್ಡಪ್ಪಮಾವ ಪಂಚನಹಳ್ಳಿಯಿಂದ ನಡ್ಕೊಂಡ್ ಬಂದಿದ್ದ ಕಣೇ. ಅವ್ನ್ ಬರ್ದೇ ಇದ್ದಿದ್ರೆ ನಾನೂ ಬಾವೀಗ್ ಬೀಳ್ತಿದ್ದೆ" ಎಂದರು. ಕಟ್ಟಿಕೊಂಡು ಇಷ್ಟು ವರ್ಷವಾದರೂ ಬಾವಿಯ ಮಾತು ನನಗೆ ಹೇಳಿರಲಿಲ್ಲ ಆ ಮನುಷ್ಯ.

ಆದ್ದರಿಂದ ಬರೆಯುತ್ತಿದ್ದೇನೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಅವನನ್ನು ಹತ್ತಿಸಿ ಕಳಿಸಿ. ಅಳಿಯನಾಗಿ ಅಲ್ಲ, ಅದು ನೆನಪಿರಲಿ. ಮಿಲ್ಲಿನಲ್ಲಿ ಕೆಲಸ ಮಾಡಬೇಕು, ಮೈಯೆಲ್ಲ ಹಿಟ್ಟಾಗುತ್ತದೆ. ಸಿಗರೇಟು ಹಚ್ಚಿದರೆ ಕೈ ಮುರಿಯುತ್ತೇನೆ. ತಟ್ಟೆ ಎಸೆದರೆ ಅವನೇ ತಡಕಿ ಅನ್ನ ಬಳಿದು ಎತ್ತಬೇಕು, ನಾನು ಎತ್ತುವುದಿಲ್ಲ. ನಿಮ್ಮ ಯಜಮಾನರು ಜೊತೆಗೆ ಬರುವುದು ಬೇಡ. ನೀವೂ ಬೇಡ. ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅವನ ಮುಂದೆ ಅದೆಲ್ಲ ಆಗಬಾರದು. ಕಂಡಕ್ಟರಿಗೆ ಹೇಳಿದರೆ ಕಡೂರಿನಲ್ಲಿ ಇಳಿಸುತ್ತಾನೆ.

ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ ಎಂದೆ. ನಿಮ್ಮ ತಮ್ಮ ಒಪ್ಪಲಿಲ್ಲ. ಗಿರಿಜನ ಮದುವೆಗೆಂದು ತಂದ ಆ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆಸಿ ಇಸ್ತ್ರಿಗೆ ಕೊಟ್ಟಿದ್ದಾರೆ. "ಕೈ ಹಿಡ್ದು ಕರ್ಕೊಂಡ್ ಬರೋದು ಸೋದರಮಾವನ್ ಕೆಲಸ. ನೀನ್ ಮನೇಲಿ ಒಲೆ ಹೊತ್ಸಿಟ್ಟಿರು" ಎಂದರು.

ತೀರ್ಥಮ್ಮ